ಹಗ್ಗಕ್ಕೆ ಕಾಣದ ನೀರು

ಹಾಯಿಹಡಗಿನ ವೇಗ ಅಳೆಯಲು ಮೂವರು ಬೇಕಾಗುತ್ತಿತ್ತು. ಒಬ್ಬ ಹಗ್ಗ ಸುತ್ತಿದ ರಾಟೆಯನ್ನು ತಲೆಯ ಮೇಲೆತ್ತಿ ಹಿಡಿದು ಹಡಗಿನ ಹಿಂಬದಿಯಲ್ಲಿ ನಿಲ್ಲುತ್ತಿದ್ದ. ಇನ್ನೊಬ್ಬನ ಕೈಯಲ್ಲಿ ಪುಟ್ಟ ಮರಳು ಗಡಿಯಾರ. ಮೂರನೆಯವನು ಹಗ್ಗದ ತುದಿಗೆ ಕಟ್ಟಿದ ಮರದ ಹಲಗೆಯನ್ನು ನೀರಿಗೆ ಎಸೆಯುವವನು. ಹಲಗೆ ಕಾಲು ವೃತ್ತದ ಆಕಾರದ್ದು. ಬಾಗಿದ ಅಂಚಿಗೆ ಸೀಸ ಕೂರಿಸಿರುವುದರಿಂದ ಅದು ನೀರಿನಲ್ಲಿ ನೆಟ್ಟಗೆ ನಿಂತು, ಮುಂದಕ್ಕೆ ಎಳೆಸಿಕೊಳ್ಳಲು ಒಲ್ಲೆ ಎನ್ನುತ್ತದೆ. ಹಡಗು ಮುಂದೆ ಹೋಗುತ್ತದೆ, ಹಲಗೆ ಬಿದ್ದಲ್ಲೇ ಉಳಿಯುತ್ತದೆ, ನಡುವೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಡಗಿನ ಹಿಂದೆ ನೀರು ಸುಳಿಸುಳಿಯಾಗಿ ಕದಡಿರುವ ಕಾರಣ ಮೊದಲ ಒಂದಷ್ಟು ಮಾರು ಹಗ್ಗ ಲೆಕ್ಕಕ್ಕಿಲ್ಲ. ಅದು ಮುಗಿಯುವಲ್ಲಿ ಒಂದು ಬಟ್ಟೆಯ ಚೂರು ಕಟ್ಟಿರುತ್ತಾರೆ. ಆ ಚೂರು ಕೈದಾಟಿ ಹೋದ ಕ್ಷಣ ಕೂಗು ಬೀಳುತ್ತದೆ, ಮರಳು ಗಡಿಯಾರ ತಲೆಕೆಳಗಾಗುತ್ತದೆ. ಮರಳು ಇಳಿದು ಮುಗಿದಾಗ ಮತ್ತೊಂದು ಕೂಗು. ಹಗ್ಗವನ್ನು ಅಲ್ಲೇ ಗಪ್ಪನೆ ಹಿಡಿಯಬೇಕು. ಅಷ್ಟರಲ್ಲಿ ಎಷ್ಟು ಗಂಟುಗಳು ಹೊರಹೋದವೋ ಅಷ್ಟು ವೇಗ.

ಹಗ್ಗವನ್ನು ಜೋರಾಗಿ ಜಗ್ಗಿದರೆ ಹಲಗೆಯ ಒಂದು ಬೆಣೆ ಕಳಚಿಕೊಳ್ಳುತ್ತದೆ. ಆಗ ಹಲಗೆ ಅಡ್ಡಲಾಗಿ ಮಲಗಿ, ಸುಲಭವಾಗಿ ಮೇಲೆಳೆಯಲು ಬರುತ್ತದೆ. ಬೆಣೆಯ ಈ ಉಪಾಯವನ್ನು ಮೊದಲು ಕಂಡುಕೊಂಡವನ ಬುದ್ಧಿಗೆ ಮೆಚ್ಚಬೇಕು. ಅದಿಲ್ಲದೆ ಓಡುವ ಹಡಗಿಗೆ ನೆಟ್ಟಗೆ ನಿಂತ ಹಲಗೆಯನ್ನು ಎಳೆದುಕೊಳ್ಳುವ ಹೊತ್ತಿಗೆ ತೋಳು ಸೋತುಹೋಗುತ್ತಿತ್ತು.

ಈ ಇಡೀ ಸರಂಜಾಮಿನ ಹೆಸರು ಲಾಗ್. ಅದರ ವಿವರಣೆಯನ್ನು ಮೊದಲು ಅಚ್ಚು ಹಾಕಿಸಿದವನು ವಿಲಿಯಂ ಬೋರ್ನ್ ಎಂಬ ಇಂಗ್ಲಿಷಿನವನು, 1574ರಲ್ಲಿ. ಅದಕ್ಕಿಂತ ಮುಂಚೆ ನಾವಿಕರು ನೊರೆ ಹಿಂದೆ ಸರಿಯುವುದನ್ನು ನೋಡಿ ಕಣ್ಣಳತೆಯಲ್ಲೇ ವೇಗ ಹೇಳುತ್ತಿದ್ದರು. ಕೊಲಂಬಸ್ ಅಟ್ಲಾಂಟಿಕ್ ದಾಟಿದ್ದು ಹಾಗೆಯೇ. ರೋಮಿನ ವಿಟ್ರೂವಿಯಸ್ ಹಡಗಿನ ಪಕ್ಕಕ್ಕೆ ಗಾಲಿ ಜೋಡಿಸಿ, ಗಾಲಿ ಇಷ್ಟು ಸುತ್ತು ತಿರುಗಿದರೆ ಒಂದು ಕಲ್ಲು ಕಂಚಿನ ಪಾತ್ರೆಗೆ ಠಣ್ಣನೆ ಬೀಳುವ ಯಂತ್ರವೊಂದನ್ನು ವರ್ಣಿಸಿದ್ದಾನೆ. ಓದಲು ಸೊಗಸು. ಅಲೆಗೆ ಹೊಯ್ದಾಡುವ ಹಡಗಿನಲ್ಲಿ ಅದು ಎಷ್ಟು ಹೊತ್ತು ಸರಿಯಾಗಿ ತಿರುಗೀತು ಎಂದು ಕೇಳಬೇಕಾಗುತ್ತದೆ. ಡಚ್ಚರದು ಇನ್ನೂ ಸರಳ ದಾರಿ: ಹಡಗಿನ ಮುಂದಿನಿಂದ ಮರದ ಚೂರೊಂದನ್ನು ನೀರಿಗೆ ಹಾಕಿ, ಪಕ್ಕದಲ್ಲಿ ಗುರುತು ಮಾಡಿದ ಎರಡು ಜಾಗಗಳ ನಡುವೆ ಅದು ಹಾದುಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸುವುದು. 18ನೇ ಶತಮಾನದ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೀಟರ್ ಹೋಲ್ಮ್ ಎಂಬಾತ ಇದರ ಲೆಕ್ಕದ ಕೋಷ್ಟಕವನ್ನು ಹಿತ್ತಾಳೆಯ ಹೊಗೆಸೊಪ್ಪಿನ ಡಬ್ಬಿಯ ಮೇಲೆ ಕೆತ್ತಿಸಿ ಮಾರಿದ. ನಾವಿಕನ ಜೇಬಿನಲ್ಲಿ ಯಾವಾಗಲೂ ಇರುವ ವಸ್ತು ಯಾವುದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಗಂಟಿಗೂ ಗಂಟಿಗೂ ನಡುವೆ ಎಷ್ಟು ದೂರ ಇರಬೇಕು? ಜಗಳ ಶುರುವಾಗುವುದು ಇಲ್ಲೇ. ಹಳೆಯ ರೂಢಿ ಏಳು ಮಾರು, ಅಂದರೆ 42 ಅಡಿ. ಮರಳು ಗಡಿಯಾರ ಅರ್ಧ ನಿಮಿಷದ್ದು. ಗಂಟೆಗೆ 120 ಅರ್ಧ ನಿಮಿಷಗಳಾದ್ದರಿಂದ ಮೈಲಿಗೆ ಸುಮಾರು 5,000 ಅಡಿ ಎಂದು ಹಿಡಿದ ಲೆಕ್ಕ ಅದು. ಸಮುದ್ರದ ಮೈಲಿಯಾದರೋ ಭೂಮಿಯ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಆ ಡಿಗ್ರಿ ನಿಜಕ್ಕೂ ಎಷ್ಟು ಉದ್ದ ಎಂದು ಕಾಲಿನಿಂದ ಅಳೆಯಲು ಹೊರಟವನು ರಿಚರ್ಡ್ ನಾರ್ವುಡ್. ಅದಕ್ಕೆ ಮುಂಚೆ ಬರ್ಮುಡಾ ದ್ವೀಪಗಳನ್ನು ಸರ್ವೆ ಮಾಡಿದ್ದ ಗಣಿತದ ಮೇಷ್ಟ್ರು. 1633ರ ಜೂನ್ 11ರಂದು ಲಂಡನ್ ಟವರ್ ಬಳಿ ನಡುಹಗಲ ಸೂರ್ಯನ ಎತ್ತರ ಗುರುತಿಸಿಕೊಂಡ. ಸರಿಯಾಗಿ ಎರಡು ವರ್ಷದ ನಂತರ ಅದೇ ದಿನ ಯಾರ್ಕ್ ಊರಿನಲ್ಲಿ ಗುರುತಿಸಿಕೊಂಡ. ಎರಡು ಊರುಗಳ ನಡುವಿನ ದಾರಿಯನ್ನು ಸರಪಳಿ ಹಿಡಿದು, ಸರಪಳಿ ಹಿಡಿಯಲಾಗದ ಕಡೆ ಹೆಜ್ಜೆ ಎಣಿಸಿ ಅಳೆದ. ದಾರಿಯ ಏರು, ಇಳಿವು, ತಿರುವುಗಳನ್ನೆಲ್ಲ ತಿದ್ದಿಕೊಂಡ. ಒಂದು ಡಿಗ್ರಿಗೆ ಅವನಿಗೆ ಬಂದದ್ದು ಹತ್ತಿರ ಹತ್ತಿರ 3,67,200 ಅಡಿ. ಇಂದಿನ ಲೆಕ್ಕಕ್ಕೂ ಅದಕ್ಕೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ಅದರ ಪ್ರಕಾರ ಸಮುದ್ರದ ಮೈಲಿ 6,120 ಅಡಿ. ಗಂಟುಗಳ ನಡುವೆ 51 ಅಡಿ ಬೇಕು, ಅಥವಾ ಹೇಳಲು ಸಲೀಸಾಗಲೆಂದು 50. 1637ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ನಾವಿಕರು ಕೇಳಲಿಲ್ಲ. ಬಹಳ ಕಾಲ ಏಳು ಮಾರನ್ನೇ ಹಿಡಿದುಕೊಂಡಿದ್ದರು. ಹಟಮಾರಿತನ ಎಂದು ತಳ್ಳಿಹಾಕುವ ಮುನ್ನ ಅವರ ತರ್ಕವನ್ನು ಕೇಳಬೇಕು. ಗಂಟುಗಳು ಹತ್ತಿರ ಹತ್ತಿರ ಇದ್ದರೆ ಎಣಿಕೆ ಹೆಚ್ಚು ಬರುತ್ತದೆ. ನಿಜವಾಗಿ ಹತ್ತು ಮೈಲಿ ವೇಗದಲ್ಲಿ ಹೋಗುವ ಹಡಗು ಹನ್ನೆರಡು ಎಂದು ತೋರಿಸುತ್ತದೆ. ಅಂದರೆ ದಿನಚರಿ ಪುಸ್ತಕದಲ್ಲಿನ ಹಡಗು ಸಮುದ್ರದಲ್ಲಿನ ಹಡಗಿಗಿಂತ ಯಾವಾಗಲೂ ಮುಂದೆ. ದಡ ಇನ್ನೂ ದೂರವಿರುವಾಗಲೇ ಲೆಕ್ಕ 'ದಡ ಬಂತು, ಎಚ್ಚರ' ಎನ್ನುತ್ತದೆ. ಕಾವಲು ಹೆಚ್ಚುತ್ತದೆ, ಹಾಯಿ ಇಳಿಯುತ್ತದೆ. ತಪ್ಪು ತಿರುಗುಮುರುಗಾಗಿದ್ದರೆ ರಾತ್ರಿ ಹೊತ್ತು ಬಂಡೆಗೆ ಬಡಿದ ಮೇಲೆಯೇ ಗೊತ್ತಾಗುತ್ತಿತ್ತು. ನಾರ್ವುಡ್‌ಗೆ ಸತ್ಯ ಬೇಕಿತ್ತು, ಅವರಿಗೆ ಜೀವ ಬೇಕಿತ್ತು. ಇಬ್ಬರನ್ನೂ ತಪ್ಪೆನ್ನಲು ನನಗೆ ಮನಸ್ಸಾಗದು. ಆದರೂ ಎಷ್ಟು ತಪ್ಪಿದೆ ಎಂದು ತಿಳಿದು ಇಟ್ಟುಕೊಂಡ ತಪ್ಪು ಒಂದು, ತಿಳಿಯದೇ ಉಳಿದದ್ದು ಇನ್ನೊಂದು. ಏಳು ಮಾರಿನವರಲ್ಲಿ ಎರಡೂ ಬಗೆಯವರಿದ್ದರು. ಕೊನೆಗೆ ಗಂಟುಗಳು 47 ಅಡಿ 3 ಅಂಗುಲಕ್ಕೂ ಮರಳು 28 ಸೆಕೆಂಡಿಗೂ ಬಂದು ನಿಂತವು. ಹಡಗು ತುಂಬ ಜೋರಾಗಿ ಓಡುವಾಗ ಅಷ್ಟು ಹಗ್ಗ ಸಾಲದು. ಆಗ 14 ಸೆಕೆಂಡಿನ ಮರಳಿನಿಂದ ಅಳೆದು ಎರಡರಿಂದ ಗುಣಿಸುತ್ತಿದ್ದರು. ಒದ್ದೆಯಾದರೆ ಹಗ್ಗ ಗಿಡ್ಡವಾಗುತ್ತದೆ, ಜಗ್ಗಿದರೆ ಉದ್ದವಾಗುತ್ತದೆ, ತೇವ ಹಿಡಿದರೆ ಮರಳು ತಡವಾಗಿ ಇಳಿಯುತ್ತದೆ. ಒಳ್ಳೆಯ ಅಧಿಕಾರಿ ಎರಡನ್ನೂ ಆಗಾಗ ತಾಳೆ ನೋಡುತ್ತಿದ್ದ.

ಮರಳು ಗಡಿಯಾರವೇ ಇಲ್ಲದಿದ್ದರೆ? 1789ರ ಏಪ್ರಿಲ್ 28ರಂದು ಬೌಂಟಿ ಹಡಗಿನಲ್ಲಿ ದಂಗೆ ಎದ್ದವರು ಕಪ್ತಾನ ವಿಲಿಯಂ ಬ್ಲೈ ಮತ್ತು ಅವನ ಪಕ್ಷದ ಹದಿನೆಂಟು ಮಂದಿಯನ್ನು 23 ಅಡಿ ಉದ್ದದ ತೆರೆದ ದೋಣಿಗೆ ಇಳಿಸಿದರು. ಶಾಂತ ಸಾಗರದ ನಡುವೆ, ಕೈಯಲ್ಲಿ ನಕ್ಷೆಯಿಲ್ಲದೆ. ಹತ್ತಿರದ ಟೊಫುವಾ ದ್ವೀಪದಲ್ಲಿ ಆಹಾರ ಹುಡುಕಲು ಹೋದಾಗ ಅಲ್ಲಿನವರು ಕಲ್ಲೆಸೆದು ಒಬ್ಬನನ್ನು ಕೊಂದರು. ಮತ್ತೆ ಆ ಸುತ್ತಿನ ಯಾವ ದ್ವೀಪಕ್ಕೂ ಹೋಗುವ ಧೈರ್ಯ ಉಳಿಯಲಿಲ್ಲ. ಡಚ್ಚರ ವಸಾಹತಿದ್ದ ಟಿಮೋರಿಗೇ ಹೋಗುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಸುಲಭ. ದಾರಿಯಲ್ಲಿ ಎಲ್ಲಿದ್ದೇವೆ ಎಂದು ಗೊತ್ತಾಗುವುದು ಹೇಗೆ?

ಬ್ಲೈ ಇದ್ದ ಹಗ್ಗದಲ್ಲೇ ಲಾಗ್ ಕಟ್ಟಿಸಿದ. ಅಳತೆಗೆ ಬೇಕಾದ ಮರಳಿನ ಬದಲು ತನ್ನ ಜನರಿಗೆ ಸೆಕೆಂಡು ಎಣಿಸುವ ಅಭ್ಯಾಸ ಮಾಡಿಸಿದ. ಕೆಲವರು ಸಾಕಷ್ಟು ಕರಾರುವಾಕ್ಕಾಗಿ ಎಣಿಸಬಲ್ಲವರಾದರು ಎಂದು ಅವನೇ ಬರೆದಿಟ್ಟಿದ್ದಾನೆ. ಹಗಲೂ ರಾತ್ರಿ ನೀರು ಗೋರಿ ಹೊರಚೆಲ್ಲುತ್ತ, ಮಳೆಯಲ್ಲಿ ನೆನೆದು ನಡುಗುತ್ತ, ಹೊಟ್ಟೆ ಬೆನ್ನಿಗಂಟಿದ ಮನುಷ್ಯ ಕೂತು ಒಂದು, ಎರಡು, ಮೂರು ಎಂದು ಒಂದೇ ಲಯದಲ್ಲಿ ಎಣಿಸಬೇಕು. ಭಯಕ್ಕೆ ಎಣಿಕೆ ಓಡಬಾರದು, ಆಯಾಸಕ್ಕೆ ಎಳೆಯಬಾರದು. ಅದೇ ದೋಣಿಯಲ್ಲಿ ಇನ್ನೊಂದು ಅಳತೆಯೂ ನಡೆದಿತ್ತು. ಎರಡು ತೆಂಗಿನ ಚಿಪ್ಪಿನಿಂದ ತಕ್ಕಡಿ ಮಾಡಿ, ಪಿಸ್ತೂಲಿನ ಗುಂಡೊಂದನ್ನು ತೂಕದ ಬಟ್ಟಾಗಿ ಇಟ್ಟು, ಒಂದು ಪೌಂಡಿನ ಇಪ್ಪತ್ತೈದನೇ ಒಂದು ಭಾಗದಷ್ಟು ಒಣ ರೊಟ್ಟಿಯನ್ನು ಪ್ರತಿ ಹೊತ್ತಿಗೆ ಹಂಚುತ್ತಿದ್ದರು. ಬ್ಲೈ ಎಂದರೆ ಕ್ರೂರಿ ಎಂದು ಸಿನಿಮಾಗಳು ಕಲಿಸಿವೆ. ಬಾಯಿ ಕೆಟ್ಟದ್ದೇ ಇದ್ದೀತು. ಆದರೆ ರೊಟ್ಟಿಯನ್ನೂ ಸೆಕೆಂಡನ್ನೂ ಅಷ್ಟು ನಿಷ್ಠುರವಾಗಿ ಅಳೆಯುವ ಮನುಷ್ಯ ಆ ದೋಣಿಯಲ್ಲಿ ಇಲ್ಲದಿದ್ದರೆ ಒಬ್ಬನೂ ದಡ ಕಾಣುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ಜೂನ್ 12ರಂದು ಟಿಮೋರ್ ಕಂಡಿತು. ಎರಡು ದಿನ ಕಳೆದು ಕುಪಾಂಗ್ ಬಂದರು. ಟೊಫುವಾದಿಂದ 41 ದಿನಗಳಲ್ಲಿ ತನ್ನ ಲಾಗಿನ ಪ್ರಕಾರ 3,618 ನಾಟಿಕಲ್ ಮೈಲಿ ಸಾಗಿದ್ದಾಗಿ ಅವನು ದಾಖಲಿಸಿದ. ಟೊಫುವಾ ಬಿಟ್ಟ ಮೇಲೆ ದೋಣಿಯಲ್ಲಿ ಯಾರೂ ಸತ್ತಿರಲಿಲ್ಲ. ಸೂರ್ಯ ಕಂಡ ದಿನ ಕ್ವಾಡ್ರಂಟ್ ಹಿಡಿದು ಅಕ್ಷಾಂಶ ನೋಡಿಕೊಳ್ಳುತ್ತಿದ್ದ, ನಿಜ. ಪೂರ್ವ ಪಶ್ಚಿಮದ ದೂರಕ್ಕೆ ಮಾತ್ರ ಆ ಬಾಯಿ ಎಣಿಕೆಯನ್ನೇ ಬಹುಮಟ್ಟಿಗೆ ನೆಚ್ಚಬೇಕಾಗಿತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಲಾಗಿನ ಒಂದು ಮೂಲಭೂತ ಕುರುಡನ್ನು ಹೇಳಲೇಬೇಕು. ಹಲಗೆ ಬಿದ್ದಲ್ಲೇ ನಿಲ್ಲುತ್ತದೆ ಎಂದೆನಲ್ಲ, ಅದು ನಿಲ್ಲುವುದು ನೀರಿನಲ್ಲಿ. ನೀರೇ ಹರಿಯುತ್ತಿದ್ದರೆ? ಇಳಿಯುವ ಎಸ್ಕಲೇಟರಿನ ಮೇಲೆ ಹತ್ತುವವನು ಎಷ್ಟು ಮೆಟ್ಟಿಲು ತುಳಿದೆ ಎಂದು ಪ್ರಾಮಾಣಿಕವಾಗಿಯೇ ಎಣಿಸಬಹುದು. ಎಷ್ಟು ಮೇಲೆ ಬಂದ ಎಂಬುದು ಬೇರೆ ಮಾತು. ಹಡಗನ್ನೂ ಹಲಗೆಯನ್ನೂ ಪ್ರವಾಹ ಒಟ್ಟಿಗೇ ಹೊತ್ತೊಯ್ಯುತ್ತದೆ. ಹಗ್ಗಕ್ಕೆ ಅದರ ಸುಳಿವೇ ಸಿಗುವುದಿಲ್ಲ.

ಬೆಂಜಮಿನ್ ಫ್ರಾಂಕ್ಲಿನ್ ಅಮೆರಿಕದ ವಸಾಹತುಗಳ ಅಂಚೆಯ ಉಪ ಮುಖ್ಯಾಧಿಕಾರಿಯಾಗಿ ಲಂಡನ್ನಿನಲ್ಲಿದ್ದಾಗ ಅವನ ಬಳಿಗೆ ಒಂದು ದೂರು ಬಂತು. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಹೋಗುವ ಸರ್ಕಾರಿ ಅಂಚೆಹಡಗುಗಳು ರೋಡ್ ಐಲೆಂಡಿಗೆ ಹೋಗುವ ಸಾಮಾನ್ಯ ಸರಕು ಹಡಗುಗಳಿಗಿಂತ ಎರಡು ವಾರ ತಡವಾಗಿ ಮುಟ್ಟುತ್ತವೆ, ಯಾಕೆ? ಫ್ರಾಂಕ್ಲಿನ್ ತನ್ನ ಸಂಬಂಧಿ ಟಿಮೊಥಿ ಫೋಲ್ಗರ್‌ನನ್ನು ಕೇಳಿದ. ಫೋಲ್ಗರ್ ನಾಂಟಕೆಟ್ಟಿನ ತಿಮಿಂಗಿಲ ಬೇಟೆಯ ಕಪ್ತಾನ. ಅವನಿಗೆ ಅದು ಒಗಟೇ ಆಗಿರಲಿಲ್ಲ. ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹ ಗಂಟೆಗೆ ಮೂರು ಮೈಲಿಯಂತೆ ಪೂರ್ವಕ್ಕೆ ಹರಿಯುತ್ತದೆ. ತಿಮಿಂಗಿಲಗಳು ಅದರ ಅಂಚಿನಲ್ಲೇ ಇರುವುದರಿಂದ ನಮಗೆ ಅದರ ದಂಡೆ ಗೊತ್ತು. ಅಂಚೆಹಡಗಿನವರು ನಡುಪ್ರವಾಹದಲ್ಲೇ ಎದುರೀಜು ಹೊಡೆಯುತ್ತಿರುವುದನ್ನು ಕಂಡು ಎಷ್ಟೋ ಸಲ ಹೇಳಿ ನೋಡಿದ್ದೇವೆ. ಬೇಟೆಯವರ ಮಾತು ಅವರ ಕಿವಿಗೆ ಬೀಳುವುದಿಲ್ಲ ಎಂದ. ಗಾಳಿ ಕಡಿಮೆಯಿದ್ದ ದಿನ ಅಂಥ ಹಡಗು ಮುಂದೆ ಹೋದದ್ದಕ್ಕಿಂತ ಹಿಂದೆ ತೇಲಿದ್ದೇ ಹೆಚ್ಚು. ಅದೇ ದಿನ ಅದರ ಲಾಗ್ ಎಸೆದು ನೋಡಿದರೆ ಮುಂದೆ ಹೋಗುತ್ತಿದ್ದೇವೆ ಎಂದೇ ಹಗ್ಗ ಹೇಳುತ್ತದೆ. ದಿನಕ್ಕೆ ಎಪ್ಪತ್ತೆರಡು ಮೈಲಿ ಪ್ರವಾಹದ ಪಾಲಾದರೂ ಪುಸ್ತಕದಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಫ್ರಾಂಕ್ಲಿನ್ ಫೋಲ್ಗರ್‌ನಿಂದ ಪ್ರವಾಹದ ನಕ್ಷೆ ಬರೆಸಿ, ಅಚ್ಚು ಹಾಕಿಸಿ ಕಪ್ತಾನರಿಗೆ ಕಳಿಸಿದ. ಅವರು ಅದನ್ನೂ ಬದಿಗಿಟ್ಟರು.

19ನೇ ಶತಮಾನದಲ್ಲಿ ಯಂತ್ರಗಳು ಬಂದವು. ಗಡಿಯಾರ ತಯಾರಕ ಎಡ್ವರ್ಡ್ ಮ್ಯಾಸಿ 1802ರಲ್ಲಿ ಪೇಟೆಂಟ್ ಪಡೆದ ಲಾಗಿನಲ್ಲಿ ರೆಕ್ಕೆಗಳುಳ್ಳ ಒಂದು ಕೊಳವೆ ನೀರಿನಲ್ಲಿ ತಿರುಗುತ್ತ, ಹಲ್ಲುಚಕ್ರಗಳ ಮೂಲಕ ಕ್ರಮಿಸಿದ ದೂರವನ್ನು ಮುಳ್ಳುಗಳಲ್ಲಿ ತೋರಿಸುತ್ತಿತ್ತು. ಓದಬೇಕಾದರೆ ಪ್ರತಿಸಲವೂ ಮೇಲೆಳೆಯಬೇಕು. ಬರ್ಮಿಂಗ್‌ಹ್ಯಾಮಿನ ವಾಕರ್ ಮನೆತನದವರು ಮುಂದೆ ಮುಳ್ಳುಗಳನ್ನು ಹಡಗಿನ ಹಿಂಬದಿಯ ಕಟಕಟೆಯ ಮೇಲೇ ಕೂರಿಸಿ, ರೆಕ್ಕೆಯ ತಿರುಗಾಟವನ್ನು ಉದ್ದದ ಹಗ್ಗದ ಮೂಲಕ ಅಲ್ಲಿಗೆ ತಂದರು. ಆಗಾಗ ಶಾರ್ಕ್ ಒಂದು ಆ ಹೊಳೆಯುವ ರೆಕ್ಕೆಗೆ ಬಾಯಿ ಹಾಕುವುದನ್ನು ಬಿಟ್ಟರೆ ಏರ್ಪಾಡು ಚೆನ್ನಾಗಿತ್ತು. ಹಳೆಯ ವಸ್ತುಗಳ ಅಂಗಡಿಯಲ್ಲಿ ಇಂದು ಕಣ್ಣು ಸೆಳೆಯುವುದು ವಾಕರ್‌ಗಳ ಹಿತ್ತಾಳೆ ಮುಖಗಳೇ. ಮರದ ಹಲಗೆ, ಸೆಣಬಿನ ಹಗ್ಗ ಸಿಗುವುದು ಅಪರೂಪ. ಅಗ್ಗದ ವಸ್ತು, ಸವೆದರೆ ಬಿಸಾಡಿ ಹೊಸದು ಮಾಡಿಕೊಳ್ಳುತ್ತಿದ್ದರು, ಯಾರು ಎತ್ತಿಡುತ್ತಾರೆ?

ಮುಳ್ಳು ಎಷ್ಟೇ ಹೊಳೆಯಲಿ, ಅಳೆಯುತ್ತಿದ್ದುದು ಅದೇ ನೀರಿನ ಮೇಲಿನ ಓಟವನ್ನು. 1923ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕದ ನೌಕಾಪಡೆಯ ಹದಿನಾಲ್ಕು ಡಿಸ್ಟ್ರಾಯರುಗಳು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ 20 ಗಂಟಿನ (ನಾಟ್) ವೇಗದಲ್ಲಿ ಸಾಲಾಗಿ ಬರುತ್ತಿದ್ದವು. ಮುಂದಿನ ಹಡಗು ತನ್ನ ವೇಗ, ಗಂಟೆಗಳ ಲೆಕ್ಕ ಹಿಡಿದು ತಾವು ಹೊಗಬೇಕಿದ್ದ ಜಲಸಂಧಿಯ ಬಾಯಿ ಬಂತೆಂದು ಎಡಕ್ಕೆ ತಿರುಗಿತು. ದಡದ ರೇಡಿಯೋ ಕೇಂದ್ರ ನೀವಿನ್ನೂ ಉತ್ತರದಲ್ಲೇ ಇದ್ದೀರಿ ಎಂದಿದ್ದನ್ನು ನಂಬಲಿಲ್ಲ. ಮಂಜಿನಲ್ಲಿ ಒಂದರ ಹಿಂದೊಂದು ಏಳು ಹಡಗುಗಳು ಹೋಂಡಾ ಪಾಯಿಂಟಿನ ಬಂಡೆಗಳಿಗೆ ಬಡಿದು ನಾಶವಾದವು. 23 ನಾವಿಕರು ಸತ್ತರು.

ಲಾಗಿನ ಈ ಕುರುಡಿನಿಂದಲೇ ಕೆಲಸ ತೆಗೆದವನು ಮ್ಯಾಥ್ಯೂ ಫಾಂಟೇನ್ ಮೋರಿ. 1839ರಲ್ಲಿ ಕುದುರೆಗಾಡಿಯ ಅಪಘಾತದಲ್ಲಿ ಕಾಲು ಊನವಾಗಿ, ಸಮುದ್ರಕ್ಕೆ ಹೋಗಲಾಗದ ನೌಕಾಧಿಕಾರಿ. 1842ರಲ್ಲಿ ಅವನನ್ನು ವಾಷಿಂಗ್ಟನ್ನಿನ ನಕ್ಷೆ ಮತ್ತು ಉಪಕರಣಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ನೌಕಾಪಡೆಯ ಹಳೆಯ ದಿನಚರಿಗಳು ರಾಶಿ ಬಿದ್ದಿದ್ದವು. ರದ್ದಿ ಎನ್ನಬಹುದಾಗಿತ್ತು. ಮೋರಿ ಕೂತು ಓದಿದ. ಪ್ರತಿದಿನದ ಪುಟದಲ್ಲಿ ಎರಡು ಜಾಗಗಳ ಉಲ್ಲೇಖವಿರುತ್ತದೆ: ಲಾಗ್ ಮತ್ತು ದಿಕ್ಸೂಚಿಯ ಪ್ರಕಾರ ಹಡಗು ಎಲ್ಲಿರಬೇಕಿತ್ತು ಎಂಬುದು, ಸೂರ್ಯ ನಕ್ಷತ್ರ ನೋಡಿದಾಗ ನಿಜವಾಗಿ ಎಲ್ಲಿತ್ತು ಎಂಬುದು. ಕಪ್ತಾನ ಎರಡನೆಯದನ್ನು ಒಪ್ಪಿಕೊಂಡು ಮೊದಲನೆಯದನ್ನು ಹೊಡೆದುಹಾಕಿ ಮುಂದುವರಿಯುತ್ತಾನೆ. ಮೋರಿಗೆ ಬೇಕಿದ್ದದ್ದು ಎರಡರ ನಡುವಿನ ಅಂತರ. ಒಂದು ಹಡಗಿನ ಅಂತರದಲ್ಲಿ ಚುಕ್ಕಾಣಿ ಹಿಡಿದವನ ನಿದ್ದೆಗಣ್ಣು, ಹಗ್ಗದ ಹಿಗ್ಗಾಟ, ಗಾಳಿಯ ತಳ್ಳಾಟ ಎಲ್ಲವೂ ಬೆರೆತಿರುತ್ತದೆ. ಅದೇ ಜಾಗದಲ್ಲಿ ಅದೇ ತಿಂಗಳು ಹಾದುಹೋದ ನೂರಾರು ಹಡಗುಗಳ ಅಂತರ ಸೇರಿಸಿದರೆ ಒಬ್ಬನ ತಪ್ಪು ಇನ್ನೊಬ್ಬನದಕ್ಕೆ ವಜಾ ಆಗಿ, ಬಹುಮಟ್ಟಿಗೆ ಪ್ರವಾಹದ ದಿಕ್ಕು ಮತ್ತು ವೇಗ ಉಳಿಯುತ್ತದೆ. 1847ರಿಂದ ಅವನ ಗಾಳಿ ಮತ್ತು ಪ್ರವಾಹದ ನಕ್ಷೆಗಳು ಬರತೊಡಗಿದವು. ತಮ್ಮ ದಿನಚರಿ ಕಳಿಸಿಕೊಡುವ ಕಪ್ತಾನರಿಗೆ ನಕ್ಷೆ ಪುಕ್ಕಟೆ. ಸರ್ಕಾರಿ ಕಚೇರಿಯೊಂದು ಹೂಡಿದ ಒಳ್ಳೆಯ ವ್ಯಾಪಾರಗಳಲ್ಲಿ ಇದೂ ಒಂದು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹತ್ತು ದೇಶಗಳವರು ಸೇರಿ ಸಮುದ್ರದಲ್ಲಿನ ವೀಕ್ಷಣೆಗಳನ್ನು ಒಂದೇ ನಮೂನೆಯಲ್ಲಿ ಬರೆದಿಡಲು ಒಪ್ಪಿಕೊಂಡರು.

ನಮ್ಮ ಕರಾವಳಿಯ ನೀರಿನ ನಡತೆ ತಿಳಿಯಲು ನೆರವಾದದ್ದೂ ಇದೇ ಲೆಕ್ಕ. ವಿಜಯನಗರಕ್ಕೆ ಕುದುರೆ ತುಂಬಿಕೊಂಡು ಭಟ್ಕಳ, ಹೊನ್ನಾವರಗಳ ಕಡೆ ಬರುತ್ತಿದ್ದ ಅರಬ್ಬಿ ನಾವಿಕರು ಲಾಗ್ ಎಸೆದವರಲ್ಲ. ಮೂರು ಗಂಟೆಯ ಓಟವನ್ನು, ಅಂದರೆ ನಮ್ಮ ಒಂದು ಜಾವದಷ್ಟನ್ನು, ಒಂದು ಅಳತೆಯಾಗಿ ಹಿಡಿದು ದೂರ ಹೇಳುತ್ತಿದ್ದರು. ಮಳೆಗಾಲ ಕಳೆದ ಮೇಲೆ ನೀರಿನ ಸೆಳೆತ ತಿರುಗುತ್ತದೆ ಎಂಬುದು ಈ ದಂಡೆಯಲ್ಲಿ ಬಲೆ ಬೀಸುವವರಿಗೆ ಯಾರೂ ಕಲಿಸಬೇಕಾಗಿಲ್ಲ. ಇಡೀ ಸಮುದ್ರಕ್ಕೆ ಅಂಕಿಗಳನ್ನು ಕೊಟ್ಟದ್ದು ಮಾತ್ರ ದೂರದೂರದ ಹಡಗುಗಳ ದಿನಚರಿ. ಬ್ರಿಟನ್ನಿನ ಹವಾಮಾನ ಇಲಾಖೆಯಲ್ಲಿ ಕೂಡಿಬಿದ್ದಿದ್ದ ಅಂಥ ದಾಖಲೆಗಳಿಂದಲೇ ಕಟ್ಲರ್ ಮತ್ತು ಸ್ವಾಲೋ ಎಂಬಿಬ್ಬರು 1984ರಲ್ಲಿ ಹಿಂದೂ ಮಹಾಸಾಗರದ ಮೇಲ್ಮೈ ಪ್ರವಾಹಗಳ ನಕ್ಷೆಪುಸ್ತಕ ತಂದರು. ಮುಂಗಾರಿನಲ್ಲಿ ನಮ್ಮ ದಂಡೆಯ ಉದ್ದಕ್ಕೂ ನೀರು ದಕ್ಷಿಣಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ತಿರುಗಿ ಉತ್ತರಕ್ಕೆ, ಅದೂ ಬಂಗಾಳ ಕೊಲ್ಲಿಯಿಂದ ಕನ್ಯಾಕುಮಾರಿಯನ್ನು ಬಳಸಿ ಬಂದ ಉಪ್ಪು ಕಡಿಮೆಯ ನೀರನ್ನು ಜೊತೆಗೆ ಕರೆದುಕೊಂಡು. ಮಂಗಳೂರಿನಿಂದ ಕಾರವಾರದ ಕಡೆ ಹೊರಟ ಹಡಗಿಗೆ ಆಗಸ್ಟಿನಲ್ಲಿ ಒಂದು ದೂರ, ಡಿಸೆಂಬರಿನಲ್ಲಿ ಇನ್ನೊಂದು.

ಈಗ ಹಡಗಿನ ಜಾಗ ಉಪಗ್ರಹ ಹೇಳುತ್ತದೆ, ಪ್ರವಾಹದ ಪಾಲನ್ನೂ ಸೇರಿಸಿ ಹೇಳುತ್ತದೆ. ಹಾಗಾದರೆ ಲಾಗ್ ಯಾಕೆ ಎಂದು ಕೇಳಬಹುದು. ಆದರೂ 300 ಟನ್ನಿಗಿಂತ ದೊಡ್ಡ ಹಡಗುಗಳಲ್ಲಿ ನೀರಿನ ಮೇಲಿನ ವೇಗ ಮತ್ತು ದೂರ ಅಳೆಯುವ ಸಾಧನ ಇರಲೇಬೇಕೆಂದು ಅಂತರರಾಷ್ಟ್ರೀಯ ಸುರಕ್ಷಾ ಒಪ್ಪಂದ ಹೇಳುತ್ತದೆ. ಹಲಗೆಯ ಬದಲು ಈಗ ಹಲವು ಹಡಗುಗಳ ತಳದಲ್ಲಿ ವಿದ್ಯುತ್ಕಾಂತದ ಸುರುಳಿ ಇರುತ್ತದೆ. ಲಾಗನ್ನು ಬಿಡದಿರಲು ಕಾರಣ, ಡಿಕ್ಕಿಯ ಭಯ. ಎದುರಿನ ಹಡಗೂ ನಮ್ಮದೂ ಒಂದೇ ಪ್ರವಾಹದಲ್ಲಿ ತೇಲುತ್ತಿರುವಾಗ ಆ ತೇಲಾಟ ಇಬ್ಬರಿಗೂ ಸಮ. ಅವನ ಮೂತಿ ಯಾವ ಕಡೆಗಿದೆ, ಅವನ ಯಾವ ಬಣ್ಣದ ದೀಪ ನಮಗೆ ಕಾಣಬೇಕು, ದಾರಿ ಬಿಡಬೇಕಾದವರು ಯಾರು ಎಂಬುದನ್ನು ರೇಡಾರಿನ ಪರದೆ ಸರಿಯಾಗಿ ತೋರಿಸಬೇಕಾದರೆ ಅದಕ್ಕೆ ನೀರಿನ ಮೇಲಿನ ವೇಗವನ್ನೇ ಉಣಿಸಬೇಕು. ನೆಲದ ಮೇಲಿನ ವೇಗವನ್ನು ಕೊಟ್ಟರೆ, ಸೆಳೆತ ಜೋರಿರುವ ಕಡೆ, ಪಕ್ಕಕ್ಕೆ ಕೊಚ್ಚಿಹೋಗುತ್ತಿರುವ ಹಡಗನ್ನೂ ಪರದೆ ಆ ಕಡೆಗೇ ಮುಖ ಮಾಡಿ ಹೊರಟಂತೆ ತೋರಿಸುತ್ತದೆ.